ಡೆಲ್ಮಾರನ ಹತ್ತು ಗಜ

ಮಾರ್ಲೋ ಲ್ಯಾಂಡಿಂಗ್ ಊರಿನಲ್ಲಿ ಎರಡು ಬಗೆಯ ಜನರಿದ್ದಾರೆ. ಸಾವಿರದ ಒಂಬೈನೂರ ಅರವತ್ತೆಂಟರ ತಂಡವನ್ನು ಕಣ್ಣಾರೆ ಕಂಡವರು ಒಂದು ಬಗೆ, ಕಾಣದಿದ್ದರೂ ಕಂಡೆವೆಂದು ಸಾಧಿಸುವವರು ಇನ್ನೊಂದು. ಕ್ಯಾಲ್ಡರ್ ಕಾಲೇಜಿನ ಫುಟ್‌ಬಾಲ್ ತಂಡ ಆ ವರ್ಷ ಒಂದೇ ಒಂದು ಪಂದ್ಯವನ್ನೂ ಸೋಲಲಿಲ್ಲ. ಇದು ಕಾಲಿನ ಚೆಂಡಾಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಫುಟ್‌ಬಾಲ್. ಒಹಾಯೊ ನದಿಯ ದಂಡೆಯ ಕಾಲೇಜಾದ್ದರಿಂದ ತಂಡಕ್ಕೆ ‘ಅಂಬಿಗರು’ ಎಂದು ಹೆಸರು. ಅವರು ಅಂಕ ಗಳಿಸಿದಾಗಲೆಲ್ಲ ನದಿಯ ಮೇಲಿದ್ದ ಕಲ್ಲಿದ್ದಲ ದೋಣಿಗಳು ಸಿಳ್ಳೆ ಊದುತ್ತಿದ್ದವು, ಅಂಗಡಿಗಳಲ್ಲಿ ಕುಳಿತವರು ಆ ಸಿಳ್ಳೆ ಎಣಿಸಿಯೇ ಆಟ ಎಷ್ಟಾಯಿತೆಂದು ಹೇಳಿಬಿಡುತ್ತಿದ್ದರು. ಒಂಬತ್ತು ಸಲ ಲೀಗಿನ ಪ್ರಶಸ್ತಿ ಬಂತು. ಸ್ವಂತ ಮೈದಾನದಲ್ಲಿ ಏಳು ವರ್ಷ ಯಾರಿಗೂ ತಲೆ ಬಾಗಲಿಲ್ಲ.

ಅದೆಲ್ಲ ಆಗ. ಈಚಿನ ವರ್ಷಗಳಲ್ಲಿ ಊರಿನವರದು ‘ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡು’ ಎನ್ನುವ ಸ್ಥಿತಿಯಾಗಿತ್ತು. ಲೀಗಿನ ಪಂದ್ಯಗಳಲ್ಲಿ ಸಾಲಾಗಿ ಇಪ್ಪತ್ತೇಳು ಸೋಲು. ಕಾಲೇಜಿನ ಆಡಳಿತ ಮಂಡಳಿ ಹೊಸ ಕೋಚ್ ಮೋಸ್ಲಿಗೆ ಮೂರು ವರ್ಷ ಗಡುವು ಕೊಟ್ಟಿತ್ತು. ಲೀಗಿನಲ್ಲಿ ಒಂದಾದರೂ ಗೆಲುವು ಕಾಣದಿದ್ದರೆ ಫುಟ್‌ಬಾಲನ್ನೇ ಮುಚ್ಚುವುದು, ಗೆದ್ದರೆ ಮತ ಹಾಕಿ ತೀರ್ಮಾನಿಸುವುದು ಎಂದು ಠರಾವು. ಮೂರನೆಯ ವರ್ಷದ ಕೊನೆಯ ಪಂದ್ಯ ನವೆಂಬರಿನ ಒಂದು ಶನಿವಾರ ಬಂತು. ಎದುರಾಳಿ ನದಿಯಾಚೆಯ ಗ್ರೀರ್ ಕಾಲೇಜು. ಈ ಕತೆ ಆ ಶನಿವಾರದ್ದು, ಆದರೆ ಆಡಿದವರದ್ದಲ್ಲ. ಆಟದ ಅಂಚಿನಲ್ಲಿ ಮೂವತ್ತೆಂಟು ವರ್ಷ ನಿಂತ ಡೆಲ್ಮಾರ್ ಹಫ್ನರನದು.

ಡೆಲ್ಮಾರ್ ಊರಿನ ಮಾಂಸದಂಗಡಿಯವನು. ಅರವತ್ತೈದರ ಹತ್ತಿರದ ವಯಸ್ಸು, ಅಗಲ ಭುಜ, ಮಾತು ಕಮ್ಮಿ. ಎಂಟು ವರ್ಷದವನಿದ್ದಾಗ ಅಪ್ಪನ ಪಕ್ಕದಲ್ಲಿ ಕುಳಿತು ಅರವತ್ತೆಂಟರ ಐದು ಪಂದ್ಯ ನೋಡಿದ್ದ. ಐದೇ ಎಂದು ಅವನು ಹೇಳುವುದರಿಂದ ನಿಜವೇ ಇರಬೇಕು, ಸುಳ್ಳು ಹೇಳುವವರು ಹತ್ತೂ ನೋಡಿದೆವೆನ್ನುತ್ತಾರೆ. ಕಾಲೇಜಿಗೆ ಹೋಗಲಿಲ್ಲ, ಅಪ್ಪನ ಅಂಗಡಿಗೆ ಹೋದ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಯಾರೋ ರಜೆ ಹಾಕಿದ್ದಕ್ಕೆ ಒಂದು ಶನಿವಾರ ಸರಪಳಿ ಹಿಡಿಯಲು ಕರೆದರು. ಆ ಒಂದು ಶನಿವಾರ ಇನ್ನೂ ಮುಗಿದಿರಲಿಲ್ಲ.

ಸರಪಳಿಯ ಕೆಲಸ ಕೇಳಲು ಸುಲಭ. ನಾಲ್ಕು ಯತ್ನದೊಳಗೆ ಚೆಂಡನ್ನು ಹತ್ತು ಗಜ ಮುಂದೊಯ್ದರೆ ಅದು ನಿಮ್ಮಲ್ಲೇ ಉಳಿಯುತ್ತದೆ, ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಇಲ್ಲದಿದ್ದರೆ ಎದುರಾಳಿಯ ಪಾಲು. ಆ ಹತ್ತು ಗಜವನ್ನು ಎರಡು ಕೋಲಿನ ನಡುವಿನ ಸರಪಳಿ ಹೇಳುತ್ತದೆ. ಹಿಂದಿನ ಕೋಲು ಕೊಳಾಯಿ ರಿಪೇರಿಯ ರಸ್ ಪಿಕೆಟ್‌ನದು, ಮುಂದಿನದು ಅಂಚೆ ಕಚೇರಿಯವನೊಬ್ಬನದು. ಡೆಲ್ಮಾರನ ಪಾಲಿಗಿದ್ದದ್ದು ಒಂದು ಪುಟ್ಟ ಕ್ಲಿಪ್. ಮೈದಾನದಲ್ಲಿ ಐದು ಗಜಕ್ಕೊಂದರಂತೆ ಸುಣ್ಣದ ಗೆರೆಗಳಿವೆಯಷ್ಟೆ. ಸರಪಳಿ ಹಾಸಿದ ಕೂಡಲೇ ಅದು ದಾಟುವ ಗೆರೆಯ ಹಿಂದಿನ ಅಂಚಿಗೆ, ಅಂದರೆ ಹಿಂದಿನ ಕೋಲಿನ ಕಡೆಯ ಅಂಚಿಗೆ, ಸರಿಯಾಗಿ ಕ್ಲಿಪ್ ಸಿಕ್ಕಿಸಬೇಕು. ಅನುಮಾನ ಬಂದಾಗ ಸರಪಳಿಯನ್ನು ಮೈದಾನದ ನಡುವೆ ಒಯ್ದು ಕ್ಲಿಪ್ಪನ್ನು ಅದೇ ಗೆರೆಯ ಅದೇ ಅಂಚಿಗೆ ಕೂರಿಸಿ ಎಳೆದರೆ ಹತ್ತು ಗಜ ಎಲ್ಲಿಗೆಂದು ತಿಳಿಯುತ್ತದೆ. ಗೆರೆಯ ಅಗಲ ನಾಲ್ಕು ಅಂಗುಲ. ಅಂಚು ತಪ್ಪಿದರೆ ನಾಲ್ಕು ಅಂಗುಲ ಸುಳ್ಳು.

ಸರಪಳಿಯವರು ನಿಲ್ಲುವುದು ಎದುರಾಳಿಗಳ ಬೆಂಚಿನ ಮುಂದೆ. ಊರಿನವರೇ ಆದರೂ ಯಾರ ಪರವೂ ಅಲ್ಲ. ಮೂವತ್ತೆಂಟು ವರ್ಷದಲ್ಲಿ ಡೆಲ್ಮಾರ್ ಏಳೆಂಟು ಕಾಲೇಜುಗಳ ಬೈಗುಳವನ್ನು ಬಾಯಿಪಾಠ ಮಾಡಿದ್ದ. ಅವನಿಗೊಂದು ನೇಮವಿತ್ತು. ಆಟ ನೋಡುತ್ತಿರಲಿಲ್ಲ, ಗೆರೆ ನೋಡುತ್ತಿದ್ದ. ಸೋಮವಾರ ಅಂಗಡಿಗೆ ಬಂದವರು ಆ ಓಟ ಹೇಗಿತ್ತು, ಈ ಹಿಡಿತ ಹೇಗಿತ್ತು ಎಂದು ಕೇಳಿದರೆ, ಹಿಂದೆ ಕುಳಿತಿದ್ದ ಹೆಂಡತಿ ನಡೀನ್ ಉತ್ತರ ಕೊಡಬೇಕಿತ್ತು.

“ಅವರ್ನ ಏನ್ ಕೇಳ್ತೀರಿ. ಹುಲ್ಲು ಎಷ್ಟುದ್ದ ಇತ್ತು ಅಂತ ಕೇಳಿ, ಹೇಳ್ತಾರೆ,” ಎನ್ನುತ್ತಿದ್ದಳು.

ಆ ಶನಿವಾರ ಹಳೆಯ ಕಲ್ಲಿನ ಮೆಟ್ಟಿಲುಗಳಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಹುರಿದ ಬೊಲೋನಿ ಮಾಂಸದ ಹೊಗೆಯಾಡುವ ಬ್ರೆಡ್ಡು ಕೈಯಲ್ಲಿ ಹಿಡಿದು ಜನ ಬಂದದ್ದು ಗೆಲ್ಲುತ್ತೇವೆಂದಲ್ಲ, ಸಾವಿನ ಮನೆಗೆ ಬಂದಂತೆ ಮುಖ ತೋರಿಸಿ ಹೋಗಲು. ಆದರೆ ಮೋಸ್ಲಿಯ ಹುಡುಗರಿಗೆ ಅದನ್ನು ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಮೊದಲರ್ಧ ಸಮಸಮ. ಮೂರನೆಯ ಭಾಗದಲ್ಲಿ ಗ್ರೀರ್ ಮುಂದೆ. ನಾಲ್ಕನೆಯದರಲ್ಲಿ ಅಂಬಿಗರು ಎರಡು ಸಲ ಅಂಕ ಗಳಿಸಿ ಇಪ್ಪತ್ತು ಹದಿನೇಳಾಯಿತು. ನದಿಯ ಮೇಲೆ ಯಾವುದೋ ದೋಣಿ ಸಿಳ್ಳೆ ಊದಿತು. ಮುದುಕರು ಟೋಪಿ ತೆಗೆದು ಅತ್ತರು.

ಆಟ ಮುಗಿಯಲು ಎರಡು ನಿಮಿಷ ಚಿಲ್ಲರೆ ಇತ್ತು. ಚೆಂಡು ಅಂಬಿಗರದು, ಮೈದಾನದ ನಡುಮಧ್ಯೆ. ಇನ್ನೊಮ್ಮೆ ಹತ್ತು ಗಜ ದಾಟಿದರೆ ಗಡಿಯಾರ ಓಡಿಸಿ ಮುಗಿಸಿಬಿಡಬಹುದು. ಮೂರು ಯತ್ನದಲ್ಲಿ ಒಂಬತ್ತು ಗಜ ಬಂತು. ಒದ್ದು ದೂರ ಕಳಿಸುವ ಬದಲು ಮೋಸ್ಲಿ ನಾಲ್ಕನೆಯ ಯತ್ನಕ್ಕೂ ನುಗ್ಗಲು ಹೇಳಿದ. ಎರಡೂ ಕಡೆಯ ಹುಡುಗರು ಗುಡ್ಡೆ ಬಿದ್ದರು. ಚೆಂಡು ಎಲ್ಲಿ ಎಂದು ಯಾರಿಗೂ ಖಚಿತವಿರಲಿಲ್ಲ. ಅಂಪೈರ್ ಸರಪಳಿಗೆ ಕೈ ಮಾಡಿದ.

ಸರಪಳಿಯ ಮೇಲ್ವಿಚಾರಣೆಯ ಅಂಪೈರ್ ಕೋರಿನ್ ಟಾಲಿವರ್ ಎಂಬ ಲೆಕ್ಕದ ಮೇಷ್ಟ್ರಮ್ಮ. ಅವಳು ಕ್ಲಿಪ್ಪನ್ನು ಗೆರೆಯ ಹಿಂದಿನ ಅಂಚಿಗೆ ಕೂರಿಸಿದಳು, ಮುಂದಿನ ಕೋಲಿನವನು ಎಳೆದ. ಚೆಂಡಿನ ಮೂಗು ಕೋಲಿಗಿಂತ ಎರಡು ಬೆರಳು ಮುಂದಿತ್ತು. ಮುಖ್ಯ ಅಂಪೈರ್ ತೋಳು ಚಾಚಿ ಅಂಬಿಗರ ಚೆಂಡೆಂದು ತೋರಿಸಿದ. ಮೆಟ್ಟಿಲುಗಳೇ ಎದ್ದು ನಿಂತಂತಾಯಿತು.

ಡೆಲ್ಮಾರ್ ಮಾತ್ರ ಬಗ್ಗಿದವನು ಎದ್ದಿರಲಿಲ್ಲ. ಕ್ಲಿಪ್ ಸಿಕ್ಕಿಸಿದ ಹೊತ್ತು ಅವನಿಗೆ ನೆನಪಾಯಿತು. ಅದಕ್ಕೆ ಹಿಂದಿನ ಯತ್ನದಲ್ಲಿ ನಮ್ಮ ಹುಡುಗನೊಬ್ಬ ಇಬ್ಬರನ್ನು ಕೊಡವಿಕೊಂಡು ಹದಿಮೂರು ಗಜ ಓಡಿದ್ದ, ಮತ್ತು ಡೆಲ್ಮಾರ್ ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಗೆರೆ ಬಿಟ್ಟು ಆಟ ನೋಡಿದ್ದ. ತಲೆ ಆ ಹುಡುಗನ ಕಡೆಗಿತ್ತು, ಕೈ ತನ್ನಷ್ಟಕ್ಕೆ ಸರಪಳಿ ಸವರಿ ಕ್ಲಿಪ್ ಒತ್ತಿತ್ತು. ಯಾವಾಗಲೂ ಗೆರೆ ಅವನ ಬೂಟಿನ ಮುಂದಿರುತ್ತಿತ್ತು. ಆಗ ಬೂಟು ಗೆರೆ ತುಳಿದು ಆಚೆ ಇತ್ತು. ಕ್ಲಿಪ್ ಬಿದ್ದದ್ದು ಮುಂದಿನ ಅಂಚಿಗೆ. ಅದನ್ನೀಗ ಹಿಂದಿನ ಅಂಚಿಗೆ ಕೂರಿಸಿದ್ದರಿಂದ ಇಡೀ ಸರಪಳಿ ನಾಲ್ಕು ಅಂಗುಲ ಹಿಂದೆ ಸರಿದಿತ್ತು.

ಅಂದರೆ ಚೆಂಡು ಮುಟ್ಟಿರಲಿಲ್ಲ.

ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಬಾಯಿ ಮುಚ್ಚಿಕೊಂಡರೆ ಇಪ್ಪತ್ತೇಳು ಸೋಲು ಇಲ್ಲಿಗೇ ಮುಗಿಯುತ್ತದೆ, ಕಾಲೇಜಿನ ಫುಟ್‌ಬಾಲ್ ಉಳಿಯುತ್ತದೆ. ಬಾಯಿ ಬಿಟ್ಟರೆ ಊರಿನ ಕೈಗೆ ಬಂದ ತುತ್ತನ್ನು ತಾನೇ ಕಸಿದಂತೆ. ತಪ್ಪಿದ್ದು ಕೈಯೋ, ಕೈಯೊಳಗಿದ್ದ ಆಸೆಯೋ? ಅದು ಅವನಿಗೂ ತಿಳಿಯಲಿಲ್ಲ. ಅದೇ ಅವನನ್ನು ಹೆದರಿಸಿದ್ದು.

“ಮೇಡಂ, ಸ್ವಲ್ಪ ತಡೀರಿ,” ಎಂದ.

ಟಾಲಿವರ್ ತಿರುಗಿದಳು. “ಏನು?”

“ಕ್ಲಿಪ್ ತಪ್ಪಾಗಿದೆ. ಮುಂದಿನ ಅಂಚಿಗೆ ಹಾಕಿದೀನಿ. ನಂದೇ ತಪ್ಪು.”

ರಸ್ ಪಿಕೆಟ್‌ನ ಮುಖ ಬಿಳಿಚಿತು. ಹಲ್ಲು ಕಚ್ಚಿ, “ಡೆಲ್ಮಾರ್, ಬಾಯ್ಮುಚ್ಕೊಂಡು ನಿಂತ್ಕೊಳೋ. ಮನೆಗೆ ಮಾರಿ ಊರಿಗೆ ಉಪಕಾರಿ ಆಗ್ಬೇಡ,” ಎಂದ.

“ಖಂಡಿತ ಹೇಳ್ತಿದೀರಾ?” ಎಂದಳು ಟಾಲಿವರ್.

“ಮೂವತ್ತೆಂಟು ವರ್ಷದಿಂದ ಹಾಕ್ತಿದೀನಿ ಮೇಡಂ. ಸರಿ ಹಾಕಿದ್ದೂ ಗೊತ್ತಾಗತ್ತೆ, ತಪ್ಪು ಹಾಕಿದ್ದೂ ಗೊತ್ತಾಗತ್ತೆ.”

ಅವಳು ಮುಖ್ಯ ಅಂಪೈರನ್ನು ಕರೆದಳು. ಕ್ಲಿಪ್ಪನ್ನು ಮುಂದಿನ ಅಂಚಿಗೆ ಕೂರಿಸಿ ಮತ್ತೆ ಎಳೆದರು. ಈಗ ಚೆಂಡಿಗೂ ಕೋಲಿಗೂ ನಡುವೆ ಬೆಳಕು ಕಾಣುತ್ತಿತ್ತು. ಅಂಪೈರ್ ತೋಳು ತಿರುಗಿಸಿದ. ಚೆಂಡು ಗ್ರೀರಿನ ಪಾಲಾಯಿತು.

ಏನಾಯಿತೆಂದು ಅರ್ಥವಾಗಲು ಜನಕ್ಕೆ ಕಾಲು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಮೂರು ಸಾವಿರ ಗಂಟಲು ಒಂದೇ ಹೆಸರು ಹಿಡಿದು ಉಗಿದವು. ಅವನ ಅಂಗಡಿಯಲ್ಲಿ ವಾರವಾರ ಸಾಸೇಜ್ ಕಟ್ಟಿಸಿಕೊಂಡು ಹೋಗುವವರೇ ಅವರೆಲ್ಲ. ಕಾಗದದ ಲೋಟಗಳು ಬಂದು ಬಿದ್ದವು. ಡೆಲ್ಮಾರ್ ಕ್ಲಿಪ್ ಬಿಚ್ಚಿಕೊಂಡು ಅಂಚಿಗೆ ಬಂದು ನಿಂತ. ತಾನು ಈ ಊರಿನ ಫುಟ್‌ಬಾಲನ್ನು ಕೊಂದೆ ಎಂದೇ ಅವನಿಗನ್ನಿಸಿತು, ಆದರೂ ಇನ್ನೊಂದು ದಾರಿ ಕಾಣಲಿಲ್ಲ.

ಆಚೆ ಅಂಚಿನಲ್ಲಿ ಮೋಸ್ಲಿ ರಕ್ಷಣೆಯ ಹುಡುಗರನ್ನು ಗುಂಪು ಕಟ್ಟಿ ಹೇಳಿದ್ದು ಆಮೇಲೆ ಊರಿಗೆಲ್ಲ ತಿಳಿಯಿತು. “ಏನ್ರೋ, ಸಿಗಲಿಲ್ಲ ಅಂದ್ರೆ ಸಿಗಲಿಲ್ಲ. ಬಿಟ್ಟಾಕಿ. ಇನ್ನು ಯಾರೂ ನಮ್ಗೇನೂ ಕೊಡಲ್ಲ, ಹೋಗಿ ನೀವೇ ತಗೊಂಬನ್ನಿ.”

ಗ್ರೀರಿಗೆ ಒಂದು ನಿಮಿಷ ಮೂವತ್ತೆಂಟು ಸೆಕೆಂಡು ಇತ್ತು. ನದಿಯ ಗಾಳಿ ಎದುರಿಗೆ ಬೀಸುತ್ತಿದ್ದುದರಿಂದ ಒದ್ದು ಅಂಕ ಪಡೆಯುವ ಮಾತಿಲ್ಲ. ಎರಡೇ ಎಸೆತಕ್ಕೆ ಹದಿನೈದು ಗಜ ಬಂದರು. ಸರಪಳಿ ಮತ್ತೆ ಹಾಸಿದರು. ಈ ಸಲ ಆಟದ ದಿಕ್ಕು ಬೇರೆ, ಆದ್ದರಿಂದ ಹಿಂದಿನ ಅಂಚೂ ಬೇರೆ. ಡೆಲ್ಮಾರ್ ಮಂಡಿಯೂರಿ, ಮೂಗು ಸುಣ್ಣಕ್ಕೆ ತಾಗುವಷ್ಟು ಬಗ್ಗಿ ಕ್ಲಿಪ್ ಹಾಕಿದ. ಟಾಲಿವರಳನ್ನು ಕರೆದು ತೋರಿಸಿದ. ಅವಳು ತಲೆಯಾಡಿಸಿದಳು. ಮೊದಲ ಯತ್ನ ಎರಡು ಗಜ. ಎರಡನೆಯ ಎಸೆತ ಯಾರ ಕೈಗೂ ಸಿಗದೆ ನೆಲಕ್ಕೆ. ಮೂರನೆಯದರಲ್ಲಿ ಐದು. ನಾಲ್ಕನೆಯ ಯತ್ನದಲ್ಲಿ ಗ್ರೀರಿನ ಎತ್ತರದ ಹುಡುಗ ಚೆಂಡು ಹಿಡಿದು ಮುಂದಕ್ಕೆ ಚಾಚಿ ಬೀಳುತ್ತಿದ್ದಂತೆ ನಮ್ಮ ಇಬ್ಬರು ಅವನನ್ನು ಹಿಂದಕ್ಕೆಳೆದರು. ಇಪ್ಪತ್ತು ಸೆಕೆಂಡು ಉಳಿದಿತ್ತು. ಅಂಪೈರ್ ಮತ್ತೆ ಸರಪಳಿಗೆ ಕೈ ಮಾಡಿದ.

ಐದು ನಿಮಿಷದ ಹಿಂದೆ ಉಗಿದ ಮೂರು ಸಾವಿರ ಗಂಟಲು ಈಗ ಉಸಿರು ಹಿಡಿದಿದ್ದವು. ಡೆಲ್ಮಾರ್ ಕ್ಲಿಪ್ಪಿನ ಮೇಲೆ ಹೆಬ್ಬೆರಳೊತ್ತಿ ನಡೆದ. ಸರಪಳಿ ಬಿಗಿಯಾಯಿತು. ಚೆಂಡು ಕೋಲಿಗೆ ಮೂರು ಬೆರಳು ಹಿಂದೆ ನಿಂತಿತ್ತು.

ಗ್ರೀರಿನ ಆಟಗಾರರು ಸುತ್ತ ಮುತ್ತಿಕೊಂಡು ಕೂಗಿದರು. ಅವರ ಕೋಚ್ ಹ್ಯಾರಲ್ಸನ್ ದಾಪುಗಾಲಿಟ್ಟು ಬಂದ. ಇಪ್ಪತ್ತು ವರ್ಷದಿಂದ ಡೆಲ್ಮಾರನ ಬೆನ್ನ ಹಿಂದೆ ನಿಂತು ಕಳ್ಳ, ಕುರುಡ, ಮನೆಮುರುಕ ಎಂದೆಲ್ಲ ಕರೆದ ಮನುಷ್ಯ ಅವನು. ಬಂದವನು ಚೆಂಡು ನೋಡಿದ, ಕೋಲು ನೋಡಿದ.

“ಕ್ಲಿಪ್ ಹಾಕಿದ್ದು ಯಾರು?”

“ನಾನು,” ಎಂದ ಡೆಲ್ಮಾರ್.

ಹ್ಯಾರಲ್ಸನ್ ತನ್ನ ಹುಡುಗರ ಕಡೆ ತಿರುಗಿದ. “ನಡೀರಿ ಹಿಂದಕ್ಕೆ. ಆ ಮನುಷ್ಯ ಅಳೆದಿದ್ದಾನೆ ಅಂದ್ರೆ ಮುಗೀತು. ಮಾತಾಡೋ ಹಾಗಿಲ್ಲ.”

ಅಂಬಿಗರು ಚೆಂಡು ಹಿಡಿದು ಉಳಿದ ಸೆಕೆಂಡುಗಳನ್ನು ಕಳೆದರು, ಇಪ್ಪತ್ತಕ್ಕೆ ಹದಿನೇಳರ ಗೆಲುವು. ಮುಂದಿನದು ಮೈದಾನವಲ್ಲ, ಜಾತ್ರೆ. ಜನ ಗೋಡೆ ಹಾರಿದರು, ದೋಣಿಗಳು ಒಂದಕ್ಕೊಂದು ಪೈಪೋಟಿಯ ಮೇಲೆ ಸಿಳ್ಳೆ ಊದಿದವು. ಬೈದವರೇ ಬಂದು ಡೆಲ್ಮಾರನ ಬೆನ್ನು ತಟ್ಟಿ ತಟ್ಟಿ ಕೆಂಪು ಮಾಡಿದರು. ರಸ್ ಪಿಕೆಟ್ ಕಣ್ಣೊರೆಸಿಕೊಳ್ಳುತ್ತ, “ನನ್ನ ಆಯುಷ್ಯದಲ್ಲಿ ಹತ್ತು ವರ್ಷ ತಿಂದೆಯಲ್ಲೋ,” ಎಂದು ತಬ್ಬಿಕೊಂಡ. ನಡೀನ್ ಜನರ ನಡುವೆ ನುಸುಳಿಕೊಂಡು ಬಂದಳು.

“ನಾನೂ ಬೈದೆ ಕಣ್ರೀ, ಸುಳ್ಳ್ಯಾಕೆ ಹೇಳ್ಲಿ,” ಎಂದಳು. “ಚೆನ್ನಾಗೇ ಬೈದೆ. ಆಮೇಲೆ ಪಕ್ಕದೋಳೂ ಬಯ್ಯೋಕೆ ಶುರು ಮಾಡಿದ್ಲು. ನೀನ್ಯಾರೇ ನನ್ ಗಂಡನ್ನ ಬಯ್ಯೋಕೆ ಅಂತ ಅವಳ ಬಾಯಿ ಮುಚ್ಚಿಸ್ದೆ.”

ಗೆದ್ದರೂ ಮಂಡಳಿಯ ಮತ ಬಾಕಿಯಿತ್ತು. ಸೋಮವಾರ ಮಧ್ಯಾಹ್ನ ಅಂಗಡಿಯಲ್ಲಿ ಆರೇಳು ಜನ ನಿಂತಿದ್ದಾಗ ಮೋಸ್ಲಿ ಸಭೆ ಮುಗಿಸಿ ಬಾಗಿಲು ತಳ್ಳಿಕೊಂಡು ಬಂದ. ಡೆಲ್ಮಾರ್ ಚಾಕು ಕೆಳಗಿಟ್ಟ.

“ಶನಿವಾರ ನನ್ನ ಬೈದ್ಯಾ ಕೋಚ್?”

“ನಿನ್ನ ಅಜ್ಜನ ಅಜ್ಜನ್ನೂ ಸೇರಿಸಿ ಬೈದೆ.”

“ಸರಿ. ಈಗ ಹೇಳು.”

“ಸಭೇಲಿ ಒಬ್ರು ಎದ್ದು, ಒಂದು ಗೆಲುವು ಏನ್ ಮಹಾ, ಯಾವನಿಗಾದ್ರೂ ಅದೃಷ್ಟ ಒಂದ್ಸಲ ಒಲಿಯತ್ತೆ ಅಂದ್ರು. ಆಗ ನಮ್ಮ ಅಧ್ಯಕ್ಷೆ ಎದ್ರು. ಅದೃಷ್ಟ ಕೈಗೆ ಬಂದಿತ್ತು ಸ್ವಾಮಿ, ನಮ್ಮೂರಿನೋನೇ ವಾಪಸ್ ಕೊಟ್ಬಿಟ್ಟ, ಅದಾದ ಮೇಲೆ ನಮ್ ಹುಡುಗ್ರು ಗೆದ್ದಿರೋದು. ಇಂಥ ಆಟಾನ ಮುಚ್ಚಿ ಇನ್ನೇನ್ ಕಲಿಸ್ತೀರಿ ಈ ಕಾಲೇಜಲ್ಲಿ ಅಂದ್ರು.” ಮೋಸ್ಲಿ ಟೋಪಿ ತೆಗೆದ. “ಪರ ಒಂಬತ್ತು, ವಿರೋಧ ನಾಲ್ಕು ಡೆಲ್ಮಾರ್. ಉಳ್ಕೊಂಡ್ವಿ.”

ಅಂಗಡಿಯಲ್ಲಿದ್ದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಡೆಲ್ಮಾರ್ ಮಾಂಸ ತೂಗುವ ಕಟ್ಟೆಗೆ ಎರಡೂ ಕೈ ಊರಿ ನಿಂತ, ಅರವತ್ತೈದರ ಆ ದಪ್ಪ ಮನುಷ್ಯನ ಕಣ್ಣಿಂದ ನೀರು ಸುರಿಯಿತು. ಆಮೇಲೆ ರಕ್ತದ ಕಲೆಯ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದ.

“ನನ್ನ ಹಂದಿ ಮಾಂಸ ಕಟ್ಟೋದಿತ್ತಲ್ಲಪ್ಪಾ,” ಎಂದಳು ಸಾಲಿನ ಮುಂದಿದ್ದ ಮುದುಕಿ.

“ನೀವೇ ಕಟ್ಕೊಳಿ ಅಮ್ಮಾ,” ಎಂದು ಡೆಲ್ಮಾರ್ ಮನೆಯಲ್ಲಿದ್ದ ನಡೀನಳಿಗೆ ಸುದ್ದಿ ಹೇಳಲು ಓಡಿದ.