ನಡೆಯದ ಯುದ್ಧದಿಂದ ಮರಳಿದ ಭೀಮೇಶ್

ವಿನೋಬನಗರದ ಅಡ್ಡರಸ್ತೆಯಲ್ಲಿ ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಟೆಲಿಫೋನ್ ಕೇಬಲ್ಲಿಗೆಂದು ಅಗೆದು ಮತ್ತೆ ಮಣ್ಣೆಳೆದಿರುವ ರಸ್ತೆಯಂಚಿನಲ್ಲಿ ಒಬ್ಬರು ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಮೊಳದುದ್ದದ ತೆಳ್ಳನೆಯ ಕಬ್ಬಿಣದ ಸರಳು. ಅದನ್ನು ಓರೆಯಾಗಿ ಮಣ್ಣಿಗೆ ತಾಗಿಸಿ ಮೆಲ್ಲಗೆ ಒತ್ತುತ್ತಾರೆ, ಹೊರಗೆಳೆಯುತ್ತಾರೆ, ಎರಡು ಬೆರಳು ಪಕ್ಕಕ್ಕೆ ಸರಿದು ಮತ್ತೆ ಒತ್ತುತ್ತಾರೆ. ಈ ಮಣ್ಣಿನ ಕೆಳಗೆಲ್ಲೋ ಕುಡಿಯುವ ನೀರಿನ ವಾಲ್ವಿನ ಮುಚ್ಚಳವಿದೆ. ಅದು ಸಿಗದಿದ್ದರೆ ಈ ಸಾಲಿನ ಮನೆಗಳಿಗೆ ಇವತ್ತು ನೀರಿಲ್ಲ.

ಗೇಟಿನ ಬಳಿ ಖಾಲಿ ಕೊಡ ಹಿಡಿದು ನಿಂತ ಸತ್ಯಭಾಮಾ ಅವರಿಗೆ ತಾಳ್ಮೆ ಮುಗಿಯುತ್ತಾ ಬಂದಿದೆ.

"ಏನು ಭೀಮೇಶಣ್ಣ, ನಿಧಿ ಗಿಧಿ ಹುಡುಕ್ತಿದೀರಾ?"

"ನಿಧಿ ಸಿಕ್ರೆ ನೀವೇ ಇಟ್ಕೊಳಿ ಅಕ್ಕ. ನನಗೆ ಮುಚ್ಚಳ ಸಾಕು."

"ಹಿಂದಿನವನು ಹಾರೆ ತಗೊಂಡು ನಾಲ್ಕು ಸಲ ಕುಟ್ತಿದ್ದ, ಠಣ್ ಅಂತಿತ್ತು, ಮುಗೀತು. ನೀವು ಒಳ್ಳೆ ಮಗೂಗೆ ಸೂಜಿ ಚುಚ್ಚೋ ಹಾಗೆ ಮಾಡ್ತೀರಲ್ಲ ಮಾರಾಯ್ರೆ!"

ಭೀಮೇಶ್ ನಗುತ್ತಾರೆ, ಆದರೆ ಹಾರೆ ಎತ್ತಿಕೊಳ್ಳುವುದಿಲ್ಲ. ಸರಳು ಯಾವುದಕ್ಕೋ ತಾಗಿ ನಿಲ್ಲುತ್ತದೆ. ಅಂಗೈಯಿಂದ ಮಣ್ಣು ಸವರಿ ತೆಗೆದರೆ ಮುಚ್ಚಳದ ಅಂಚು. ಮುಚ್ಚಳ ಸರಿಸಿ, ಉದ್ದನೆಯ ಕೀಲಿಯನ್ನು ಇಳಿಸಿ ತಿರುಗಿಸುತ್ತಾರೆ. ಒಳಗೆ ತುಂಗೆಯ ನೀರು ಹರಿಯುವ ಸದ್ದು ನಮಗೆ ಕೇಳುತ್ತದೆ. ಅವರು ತಲೆ ವಾಲಿಸಿ ಎಡಗಿವಿಯನ್ನು ಗುಂಡಿಯತ್ತ ಒಡ್ಡುತ್ತಾರೆ. ಬಲಗಿವಿ ಕೇಳುವುದಿಲ್ಲ.

ಭೀಮೇಶ್ ನಗರದಲ್ಲಿ ನೀರು ಬಿಡುವ ಗುತ್ತಿಗೆ ನೌಕರರಲ್ಲಿ ಒಬ್ಬರು. ವಯಸ್ಸು ಮೂವತ್ತೆಂಟು. ನವುಲೆಯಲ್ಲಿ ಬಾಡಿಗೆ ಮನೆ, ಹೆಂಡತಿ, ಶಾಲೆಗೆ ಹೋಗುವ ಮಗಳು ನವ್ಯಾ. ಬೆಳಗಿನ ಜಾವ ಸೈಕಲ್ಲಿನಲ್ಲಿ ಹೊರಟರೆ ಮಧ್ಯಾಹ್ನದೊಳಗೆ ನಲವತ್ತರಷ್ಟು ವಾಲ್ವುಗಳನ್ನು ತೆರೆದು ಮುಚ್ಚಬೇಕು. ನೀರು ಬಂದ ದಿನ ಯಾರೂ ಅವರನ್ನು ನೆನೆಯುವುದಿಲ್ಲ. ಬಾರದ ದಿನ ಇಡೀ ಬೀದಿಗೆ ಅವರ ಹೆಸರು ಗೊತ್ತಿರುತ್ತದೆ. ಇದಕ್ಕೂ ಮೊದಲು ಹದಿನೇಳು ವರ್ಷ ಅವರು ಸೇನೆಯ ಎಂಜಿನಿಯರ್ ದಳದಲ್ಲಿದ್ದರು ಎಂಬುದು ಈ ಬೀದಿಗೆ ಗೊತ್ತಿಲ್ಲ. ಸತ್ಯಭಾಮಾ ಅವರಿಗೆ ನಾನು ಹೇಳಿದಾಗ ಅವರು ಕೊಡ ಕೆಳಗಿಟ್ಟು, "ಹೌದಾ? ಕಾರ್ಗಿಲ್‌ಗೆ ಹೋಗಿದ್ರಾ?" ಎಂದು ಕೇಳುತ್ತಾರೆ.

"ಇಲ್ಲ ಅಕ್ಕ. ನಾನು ಹೋಗಿದ್ದು ಅದಾದ್ಮೇಲೆ, ಇನ್ನೊಂದಕ್ಕೆ."

"ಇನ್ನೊಂದು ಯಾವುದು?"

"ಆಗಲಿಲ್ಲವಲ್ಲ, ಅದು."

2001ರ ಕೊನೆಯಲ್ಲಿ ಸಂಸತ್ ಭವನದ ಮೇಲೆ ದಾಳಿಯಾದ ನಂತರ ನಮ್ಮ ಸೇನೆ ಪಶ್ಚಿಮದ ಗಡಿಯುದ್ದಕ್ಕೂ ಹೋಗಿ ನಿಂತಿತು. ಹೆಚ್ಚುಕಡಿಮೆ ಹತ್ತು ತಿಂಗಳು ಎರಡೂ ಸೇನೆಗಳು ಎದುರುಬದುರಾಗಿ ನಿಂತು, ಯುದ್ಧ ಮಾಡದೆ ಹಿಂದಿರುಗಿದವು. ನಮ್ಮದು ಯಾವ ಬಣಕ್ಕೂ ಸೇರದ ಅಲಿಪ್ತ ದೇಶ ಎಂದು ಶಾಲೆಯಲ್ಲಿ ಓದಿದವರು ನಾವು. ಯಾವ ಬಣಕ್ಕೂ ಸೇರದವರು ಗಡಿಯನ್ನು ತಾವೇ ಕಾಯಬೇಕು, ಬರುವವರು ಬಾರದಂತೆ ತಾವೇ ನೋಡಿಕೊಳ್ಳಬೇಕು. ಅದು ಹೇಗೆ ಎಂದು ಪಠ್ಯಪುಸ್ತಕ ಹೇಳಲಿಲ್ಲ. ಭೀಮೇಶ್ ಹೇಳುತ್ತಾರೆ.

"ಮೈನ್ ಹೂಳಿದ್ವಿ ಮೇಡಂ. ಅದೇ ನಮ್ಮ ಕೆಲಸ. ನೆಲಬಾಂಬು ಅಂತ ನೀವು ಪೇಪರ್‌ನಲ್ಲಿ ಬರೀತೀರಲ್ಲ, ಅದು. ಹೊಡೆಯೋಕೆ ಹೂಳೋದಲ್ಲ ಅದನ್ನ. ಬರಬೇಡಿ ಅಂತ ಹೇಳೋಕೆ ಹೂಳೋದು. ಅವರು ದುರ್ಬೀನಲ್ಲಿ ನೋಡ್ತಾ ಇರ್ತಾರೆ. ನೋಡ್ಲಿ ಅಂತಾನೇ ಬೇಲಿ ಹಾಕಿ, ಕೆಂಪು ತ್ರಿಕೋನ ನೇತು ಹಾಕೋದು."

ಪಂಜಾಬಿನ ಗಡಿಗೆ ಹತ್ತಿಕೊಂಡ ಹೊಲಗಳು. ಮೊಳಕೆಯೊಡೆದ ಗೋಧಿಯ ಮೇಲೆ ಇವರು ಮಂಡಿಯೂರಿ ನಡೆದರು. ಜನವರಿಯ ಮಂಜು ಎಷ್ಟು ದಟ್ಟವೆಂದರೆ ಪಕ್ಕದವನ ಕೆಮ್ಮು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅಳತೆಯ ಟೇಪುಗಳು ಸಾಲದಾದಾಗ ಇವರ ತುಕಡಿ ಸೆಣಬಿನ ಹಗ್ಗಕ್ಕೆ ಸಮದೂರದಲ್ಲಿ ಗಂಟು ಹಾಕಿಕೊಂಡಿತು. ಗೂಟಕ್ಕೆ ಹಗ್ಗ ಕಟ್ಟಿ ಎಳೆದರೆ ಗಂಟಿಗೊಂದು ಮೈನು. ಭೀಮೇಶ್ ಗುಂಡಿ ತೋಡಿ ಮೈನು ಇಡುತ್ತಿದ್ದರು. ಹಿಂದೆ ಬರುತ್ತಿದ್ದ ಜೊತೆಗಾರ ಅದರ ಪಿನ್ನು ತೆಗೆದು ಮಣ್ಣು ಮುಚ್ಚುತ್ತಿದ್ದ. ಆ ಜೊತೆಗಾರನ ಹೆಸರು ಚಂದ್ರಹಾಸ. ಭದ್ರಾವತಿಯ ಹೊಸಮನೆಯ ಹುಡುಗ, ಭೀಮೇಶ್ ಹುಟ್ಟಿ ಬೆಳೆದ ಬೀದಿಯವನೇ. ಇಬ್ಬರ ಅಪ್ಪಂದಿರೂ ಕಾರ್ಖಾನೆಯ ಒಂದೇ ಪಾಳಿಯಲ್ಲಿ ದುಡಿದವರು.

"ಬಾಯಿ ಮುಚ್ತಿರಲಿಲ್ಲ ಅವನು. 'ಭೀಮಣ್ಣ, ಈ ಹೊಲದ ಯಜಮಾನ ಬೆಳಿಗ್ಗೆ ಎದ್ದು ನೋಡಿ ನಮಗೆ ಎಷ್ಟು ಬೈತಾನೆ ಗೊತ್ತಾ' ಅಂತಿದ್ದ. ಆ ರೈತ ಬೈಯಲಿಲ್ಲ. ಚಾ ತಂದು ಕೊಟ್ಟ. ಅದಕ್ಕೇ ಜಾಸ್ತಿ ಬೇಜಾರಾಯ್ತು."

ಸೇನೆಗಳು ಹಿಂದೆ ಸರಿದ ಮರುವರ್ಷದ ಬೇಸಿಗೆಗೆ ಆ ಹೊಲವನ್ನು ತೆರವು ಮಾಡುವ ಸರದಿ ಬಂತು. ಹೂಳಿದವರೇ ತೆಗೆಯಬೇಕು. ಲೋಹ ಪತ್ತೆ ಮಾಡುವ ಯಂತ್ರ ಹೊಲದಲ್ಲಿ ಬಿದ್ದ ಹಳೆಯ ಮೊಳೆಗೂ ಕೂಗುತ್ತಿತ್ತು. ಹೀಗಾಗಿ ಸರಳಿನಿಂದ ಓರೆಯಾಗಿ ಚುಚ್ಚಿ ಹುಡುಕುವುದೇ ಖಾತ್ರಿ. ಮೈನಿನ ನೆತ್ತಿಯ ಮೇಲೆ ಭಾರ ಬಿದ್ದರೆ ಸಿಡಿಯುತ್ತದೆ, ಪಕ್ಕಕ್ಕೆ ತಾಗಿದರೆ ಸಿಡಿಯುವುದಿಲ್ಲ. ಎಲ್ಲಿ ಚುಚ್ಚಬೇಕೆಂದು ತೋರಿಸಲು ಅದೇ ಗೂಟ, ಅದೇ ಹಗ್ಗ. ಚಂದ್ರಹಾಸ ಮುಂದೆ, ಭೀಮೇಶ್ ಹಿಂದೆ.

ಈ ಭಾಗ ಹೇಳುವಾಗ ಭೀಮೇಶ್ ಸೈಕಲ್ ನಿಲ್ಲಿಸಿ, ರಸ್ತೆಯ ಡಾಂಬರಿನ ಮೇಲೇ ಕೂರುತ್ತಾರೆ. ಹುಲ್ಲಿನ ಮೇಲೆ ಅವರು ಕೂರುವುದನ್ನು ನಾನು ಒಮ್ಮೆಯೂ ನೋಡಲಿಲ್ಲ.

"ಮಳೆ ಬಂದ್ರೆ ಡೇರೆ ಹಗ್ಗ ಸಡಿಲ ಮಾಡ್ಬೇಕು, ಇಲ್ಲಾಂದ್ರೆ ಗೂಟ ಕಿತ್ಕೊಂಡು ಬರುತ್ತೆ. ಸೇರಿದ ಮೊದಲನೇ ವಾರ ಕಲಿಸ್ತಾರೆ ಇದನ್ನ. ನೆನೆದ ಹಗ್ಗ ಗಿಡ್ಡ ಆಗುತ್ತೆ ಅಂತ ಪ್ರತಿಯೊಬ್ಬ ಸಿಪಾಯಿಗೂ ಗೊತ್ತು. ಮಂಜಲ್ಲಿ ನೆನೆದ ಹಗ್ಗ ಹಿಡಿದು ಹೂಳಿದ್ವಿ. ಬಿಸಿಲಲ್ಲಿ ಒಣಗಿ ಮತ್ತೆ ಉದ್ದ ಆದ ಹಗ್ಗ ಹಿಡಿದು ತೆಗೆಯೋಕೆ ಹೋದ್ವಿ. ಒಬ್ಬರಿಗೂ ಹೊಳೀಲಿಲ್ಲ ಮೇಡಂ. ಡೇರೆ ಹಗ್ಗ ಬೇರೆ, ಅಳತೆ ಹಗ್ಗ ಬೇರೆ ಅನ್ನೋ ಹಾಗೆ."

ಗೂಟದ ಹತ್ತಿರ ವ್ಯತ್ಯಾಸ ತಿಳಿಯಲಿಲ್ಲ. ಮುಂದೆ ಹೋದಂತೆ ಮೈನುಗಳು ಗಂಟಿಗಿಂತ ಸ್ವಲ್ಪ ಸ್ವಲ್ಪ ಹಿಂದೆಯೇ ಸಿಗತೊಡಗಿದವು. ಉಳುಮೆಯ ಮಣ್ಣು, ಜರುಗಿರಬೇಕು ಎಂದುಕೊಂಡರು. ಸಾಲಿನ ತುದಿಗೆ ಬರುವಷ್ಟರಲ್ಲಿ ವ್ಯತ್ಯಾಸ ಒಂದು ಗೇಣು ದಾಟಿತ್ತು. ಹಗ್ಗದ ಪ್ರಕಾರ ಮುಂದಿನ ಮೈನು ಇನ್ನೂ ದೂರವಿತ್ತು. ಚಂದ್ರಹಾಸ ಮಂಡಿಯನ್ನು ಮುಂದಕ್ಕೆ ಊರಿದ.

ಅವನಿಗೆ ಇಪ್ಪತ್ತೇಳು ವರ್ಷ. ಭೀಮೇಶ್ ಅವರ ಬಲಗಿವಿ ಹೋದದ್ದು ಆಗಲೇ.

ಸೇನೆ ಅವನನ್ನು ಧ್ವಜ ಹೊದಿಸಿ ಊರಿಗೆ ತಂದಿತು. ಕುಶಾಲತೋಪು ಹಾರಿತು. ತಾಯಿ ದ್ಯಾಮಮ್ಮನಿಗೆ ಸಲ್ಲಬೇಕಾದದ್ದು ಸಂದಿತು. ಆ ವಿಷಯದಲ್ಲಿ ಭೀಮೇಶ್ ಅವರಿಗೆ ಯಾವ ದೂರೂ ಇಲ್ಲ. ಮುಂದಿನ ವರ್ಷ ನಿವೃತ್ತಿಯಾಗಿ ಬಂದಾಗಿನಿಂದ, ಈಗ ಮೂರು ವರ್ಷವಾಯಿತು, ಪ್ರತಿ ಭಾನುವಾರ ಅವರು ಬಸ್ಸು ಹತ್ತಿ ಭದ್ರಾವತಿಗೆ ಹೋಗುತ್ತಾರೆ. ದ್ಯಾಮಮ್ಮನ ಮನೆಯ ಡ್ರಮ್ಮಿಗೆ ಬೀದಿಯ ನಲ್ಲಿಯಿಂದ ನೀರು ತುಂಬುತ್ತಾರೆ, ಸೌದೆ ಒಡೆಯುತ್ತಾರೆ, ಊಟ ಮಾಡಿ ಬರುತ್ತಾರೆ. ಅಲ್ಲ, ಊಟ ಮಾಡಿ ಬರುತ್ತಿದ್ದರು, ಈ ಜುಲೈವರೆಗೆ.

ಜುಲೈನಲ್ಲಿ ಆ ಬಡಾವಣೆಯ ಸಂಘವೊಂದು ವೀರಯೋಧರ ಹೆಸರಿನ ಕಲ್ಲು ನಿಲ್ಲಿಸಿತು. ಕಲ್ಲಿನ ನೆತ್ತಿಯ ಮೇಲೆ ಕೆತ್ತಿಸಿದ್ದು 'ಯುದ್ಧದಲ್ಲಿ ಮಡಿದವರು' ಎಂದು. ತನ್ನ ಮಗನ ಹೆಸರೂ ಅಲ್ಲಿರಬೇಕೆಂದು ದ್ಯಾಮಮ್ಮ ಕೇಳಿದರು. ಅದಕ್ಕಿಂತ ಹೆಚ್ಚಿನದನ್ನು ಅವರು ಯಾರಲ್ಲೂ ಯಾವತ್ತೂ ಕೇಳಿದವರಲ್ಲ. ಸಂಘದಲ್ಲಿ ಕೆಲವರು, ಯುದ್ಧವೇ ಆಗಲಿಲ್ಲವಲ್ಲ, ಯಾವ ಯುದ್ಧ ಎಂದು ಕೆತ್ತಿಸುವುದು ಎಂದರು. ಅಧ್ಯಕ್ಷ ಶಿವಮೂರ್ತಪ್ಪ ಕಾರ್ಖಾನೆಯಿಂದ ನಿವೃತ್ತರಾದವರು, ಮೃದು ಮನಸ್ಸಿನವರು. ಸಭೆಗೆ ಮೊದಲು ಭೀಮೇಶ್ ಅವರನ್ನು ಪಕ್ಕಕ್ಕೆ ಕರೆದರು. ಆ ಮಾತುಕತೆಯನ್ನು ಇಬ್ಬರೂ ನನಗೆ ಒಂದೇ ರೀತಿ ಹೇಳಿದ್ದಾರೆ.

"ಕಣ್ಣಾರೆ ನೋಡಿದವನು ನೀನೊಬ್ನೇ ಮಾರಾಯ. ಆ ಕಡೆಯಿಂದ ಗುಂಡು ಬರ್ತಿತ್ತು ಅಂತ ಒಂದು ಮಾತು ಹೇಳ್ಬಿಡು. ನಾನು ಒಪ್ಪಿಸ್ತೀನಿ ಎಲ್ಲರನ್ನೂ."

"ಬರ್ತಿರಲಿಲ್ಲವಲ್ಲ ಸಾರ್."

"ಯಾರಯ್ಯ ಹೋಗಿ ನೋಡ್ಕೊಂಡು ಬರ್ತಾರೆ? ಆ ತಾಯಿ ಮುಖ ನೋಡು."

ದ್ಯಾಮಮ್ಮ ಸಭೆಯ ಮುಂದಿನ ಸಾಲಿನಲ್ಲೇ ಕೂತಿದ್ದರು. ಭೀಮೇಶ್ ಎದ್ದು ನಿಂತರು. ಗುಂಡು ಹಾರಲಿಲ್ಲ ಎಂದರು. ಹಾರಬಾರದು ಅಂತಲೇ ನಮ್ಮನ್ನು ಅಲ್ಲಿಗೆ ಕಳಿಸಿದ್ದು, ಹಾರಲಿಲ್ಲ, ಆ ಕೆಲಸದಲ್ಲೇ ಅವನು ಸತ್ತ ಎಂದರು. ಇದೂ ಯುದ್ಧಕ್ಕೆ ಸಮ, ಹೆಸರು ಹಾಕಿ ಎಂದು ಬೇಡಿಕೊಂಡರು. ಸಭೆ ಬೇರೆ ವಿಷಯ ಎತ್ತಿಕೊಂಡಿತು. ಕಲ್ಲು ನಿಂತಿತು. ಚಂದ್ರಹಾಸನ ಹೆಸರು ಅದರಲ್ಲಿಲ್ಲ.

"ನನಗೆ ಈಗಲೂ ಅರ್ಥ ಆಗಲ್ಲ. ಒಂದೇ ಒಂದು ಮಾತು! ಯಾರಿಗೆ ನಷ್ಟ ಆಗ್ತಿತ್ತು?" ಎನ್ನುತ್ತಾರೆ ಶಿವಮೂರ್ತಪ್ಪ. ಅವರ ಬೇಸರ ನಿಜವಾದದ್ದು.

ಅದೇ ಪ್ರಶ್ನೆಯನ್ನು ನಾನೂ ಭೀಮೇಶ್ ಅವರಿಗೆ ಕೇಳಿದೆ. ಅವರು ಸೈಕಲ್ಲಿನ ಚೈನು ಸರಿಮಾಡುತ್ತಾ ಹೇಳಿದರು.

"ಗುಂಡು ಬರ್ತಿತ್ತು ಅಂದ್ಬಿಟ್ರೆ, ನಾವು ಅಷ್ಟು ತಿಂಗಳು ಮಾಡಿದ ಕೆಲಸ ಕೆಟ್ಟುಹೋಯ್ತು ಅಂತ ಆಗುತ್ತೆ ಮೇಡಂ. ಕೆಟ್ಟಿರಲಿಲ್ಲ ಅದು. ಅವನು ಸರಿಯಾಗೇ ಮಾಡಿದ್ದ. ಇದನ್ನ ಅಮ್ಮಂಗೆ ಹೇಗೆ ಹೇಳೋದು? ನನಗೆ ಮಾತು ಬರಲ್ಲ."

ಸಭೆಯ ದಿನ ಭೀಮೇಶ್ ಅವರಿಗೆ ದ್ಯಾಮಮ್ಮ ಹೇಳಿದ್ದು ಒಂದೇ ಮಾತು: "ಒಂದು ಸುಳ್ಳು ಹೇಳೋಕೆ ನಿನ್ನ ಗಂಟೇನು ಹೋಗ್ತಿತ್ತಪ್ಪ?" ಅಂದಿನಿಂದ ಅವರ ಮನೆಯ ಬಾಗಿಲು ಭೀಮೇಶ್ ಅವರಿಗೆ ತೆರೆಯುವುದಿಲ್ಲ. ಆದರೂ ಭಾನುವಾರದ ಬಸ್ಸು ತಪ್ಪಿಲ್ಲ. ಹೋಗುತ್ತಾರೆ, ಹೊರಗಿರುವ ಡ್ರಮ್ಮು ತುಂಬುತ್ತಾರೆ, ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತಾರೆ. ಒಡೆದ ಸೌದೆಯನ್ನು ದ್ಯಾಮಮ್ಮ ಒಳಗೆ ತೆಗೆದುಕೊಳ್ಳದೆ ಮಳೆಗೆ ಬಿಟ್ಟಿದ್ದನ್ನು ಪಕ್ಕದ ಮನೆಯವರು ತೋರಿಸಿದರು.

ಕಳೆದ ಭಾನುವಾರ ನಾನೂ ಜೊತೆಗೆ ಹೋದೆ. ತಗ್ಗು ಸೂರಿನ ಮನೆ, ಪಕ್ಕದಲ್ಲಿ ಚರಂಡಿ, ದೂರದಲ್ಲಿ ಕಾರ್ಖಾನೆಯ ಚಿಮಣಿ. ಭೀಮೇಶ್ ಕೊಡ ಹೊತ್ತು ನಲ್ಲಿಗೆ ಓಡಾಡುತ್ತಿದ್ದಾಗ ದ್ಯಾಮಮ್ಮ ಬಾಗಿಲು ಅರ್ಧ ತೆರೆದು ನನ್ನನ್ನು ಮಾತ್ರ ಒಳಗೆ ಕರೆದರು. ಗೋಡೆಯ ಮೇಲೆ ಸಮವಸ್ತ್ರದ ಹುಡುಗನ ಫೋಟೊ, ಹಾರ ಹಾಕಿದ್ದಾರೆ.

"ಪೇಪರ್‌ನಲ್ಲಿ ಏನಂತ ಬರೀತೀಯವ್ವ?" ಎಂದರು.

ನಡೆದದ್ದನ್ನೇ ಬರೆಯುತ್ತೇನೆ, ನೀವು ಬೇಡವೆಂದರೆ ಬರೆಯುವುದಿಲ್ಲ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ನಡೆದದ್ದು ಅಂದ್ರೆ ಏನು ಅಂತ ನನಗೇ ಗೊತ್ತಿಲ್ಲ. ಯಾರ್ ಹೊಡೆದ್ರು ಅಂತ ಕೇಳ್ದೆ, ಯಾರೂ ಹೊಡೀಲಿಲ್ಲ ಅಂದ ಭೀಮೇಶ. ಯಾರೂ ಹೊಡೀದೆ ಹೆಂಗೆ ಸಾಯ್ತಾನೆ ನನ್ ಮಗ? ಆವತ್ತಿಂದ ನಾನು ಕೇಳೇ ಇಲ್ಲ."

ಹೊರಗೆ ಡ್ರಮ್ಮಿಗೆ ನೀರು ಸುರಿಯುವ ಸದ್ದು ನಿಂತಿತು. ದ್ಯಾಮಮ್ಮ ಕೂತಲ್ಲಿಂದಲೇ ಬಾಗಿಲಿನತ್ತ ನೋಡಿ ಗಟ್ಟಿಯಾಗಿ ಕೂಗಿದರು, ಅವರ ಕಿವಿಗೆ ತಲುಪುವಂತೆ.

"ಭೀಮೇಶ! ಆ ಹೊಲ ಹೆಂಗಿತ್ತು?"

ಭೀಮೇಶ್ ಹೊಸ್ತಿಲ ಹೊರಗೆ ಬಂದು ನಿಂತರು. ಒಳಗೆ ಬಾ ಎಂದು ಅವರು ಕರೆಯಲಿಲ್ಲ, ಇವರು ಬರಲಿಲ್ಲ. ನಿಂತಲ್ಲೇ ಹೇಳಿದರು. ಮಂಜು, ಚಾ ತಂದ ರೈತ, ಚಂದ್ರಹಾಸನ ಹರಟೆ, ಹಗ್ಗ, ಬಿಸಿಲು. ಮಂಡಿ ಊರಿದ ಕ್ಷಣದವರೆಗೂ ಹೇಳಿದರು. ದ್ಯಾಮಮ್ಮ ಒಮ್ಮೆಯೂ ತಡೆಯಲಿಲ್ಲ. ಕೈ ಮಾತ್ರ ಚಾಪೆಯ ಎಳೆಯನ್ನು ಬಿಡಿಸುತ್ತಲೇ ಇತ್ತು.

"ಆಮೇಲೆ?"

"ಆಮೇಲೆ ನಾವು ಉಳಿದವರು ಆ ಸಾಲು ಮುಗಿಸಿದ್ವಿ ಅಮ್ಮ. ಒಂದೂ ಬಿಡಲಿಲ್ಲ. ಚಳಿಗಾಲಕ್ಕೆ ಹೊಲ ವಾಪಸ್ ಕೊಟ್ವಿ. ನಾನು ಅಲ್ಲಿಂದ ಹೊರಡೋ ಮೊದಲೇ ಗೋಧಿ ಬಿತ್ತಿದ್ರು."

ದ್ಯಾಮಮ್ಮ ಬಿಡಿಸಿದ ಎಳೆಯನ್ನು ಪಕ್ಕಕ್ಕಿಟ್ಟರು. ನಂತರ ಕೇಳಿದರು.

"ಅಲ್ಲಿ ಜನ ಓಡಾಡ್ತಾರಾ ಈಗ?"

"ನಾನು ನೋಡಿದೀನಿ ಅಮ್ಮ. ಹೆಂಗಸರು ಬರಿಗಾಲಲ್ಲಿ ಓಡಾಡ್ತಿದ್ರು."