ಕೀಬೋರ್ಡಿಗಿಟ್ಟ ಕುಂಕುಮ

ಬೆಂಗಳೂರಿನ ಹೂಡಿ ಹತ್ತಿರದ ಶಾಲೆಯೊಂದರಲ್ಲಿ, ಪಕ್ಕದ ಟೆಕ್ ಪಾರ್ಕಿನವರು ಮಕ್ಕಳಿಗೆಂದು ಕೊಟ್ಟ ಕಂಪ್ಯೂಟರುಗಳನ್ನು ಹೆಡ್‌ಮಾಸ್ಟರ್ ಕೋಣೆಯೊಂದರಲ್ಲಿಟ್ಟು ಬೀಗ ಜಡಿದು ಮಕ್ಕಳಿಂದಲೇ ಬಚ್ಚಿಟ್ಟರು. ನಾನಲ್ಲಿ ಕಂಪ್ಯೂಟರ್ ಮೇಷ್ಟ್ರು. ಪಾಠವೆಲ್ಲ ಕಪ್ಪುಹಲಗೆಯ ಮೇಲೆ. ಬೀಗದ ಕೈ ಕೇಳಿದಾಗಲೆಲ್ಲ ಹೆಡ್‌ಮಾಸ್ಟರದು ಒಂದೇ ಮಾತು: "ಮಕ್ಳು ಮುಟ್ಟಿ ಕೆಟ್ಟೋದ್ರೆ ಯಾರ್ರೀ ಜವಾಬ್ದಾರಿ?"

ಆಯುಧಪೂಜೆಗೆ ಮಾತ್ರ ಕೋಣೆ ತೆರೆದರು. ಕುಂಕುಮ ಹಚ್ಚಲು ಏಳನೇ ಕ್ಲಾಸಿನ ಸವಿತಾಳನ್ನು ಕರೆದರು. ಅವಳು ಕೀಬೋರ್ಡಿನಲ್ಲಿ ಹುಡುಕಿ ಹುಡುಕಿ ಒಂದೊಂದೇ ಅಕ್ಷರಕ್ಕೆ ಬೊಟ್ಟಿಟ್ಟಳು.

"ಏನಮ್ಮಾ ಅದು? ಮಧ್ಯಕ್ಕೊಂದಿಟ್ರೆ ಸಾಲ್ದಾ?" ಎಂದರು ಹೆಡ್‌ಮಾಸ್ಟರ್.

"ನನ್ನೆಸ್ರು ಟೈಪ್ ಮಾಡ್ತಿದೀನಿ ಸಾರ್."

ಪರದೆ ಕಪ್ಪಗೇ ಇತ್ತು. ಮಂಗಳಾರತಿ ಆಯಿತು, ಬೀಗ ಬಿತ್ತು. ಆ ವರ್ಷವೇ ಸವಿತಾ ಶಾಲೆ ಮುಗಿಸಿ ಹೋದಳು. ಕಂಪ್ಯೂಟರು ಒಂದೂ ಕೆಡಲಿಲ್ಲ.

ನಾಳೆಯೇ ನಿಮ್ಮೂರ ಶಾಲೆಗೆ ಹೋಗಿ. ಬೀಗ ತೆಗೆಸಿ, ಸ್ವಿಚ್ ಹಾಕಿಸಿ. ಪ್ರತಿ ಮಗುವೂ ತನ್ನ ಹೆಸರು ಟೈಪ್ ಮಾಡುವವರೆಗೆ ಅಲ್ಲಿಂದ ಏಳಬೇಡಿ.