ಫಿರವ ಎಂಬ ಒಂದು ಸೂಚನೆ

ಏಳು ವರ್ಷದ ಹಿಂದೆ ನಾನು ಸೊಲ್ಲಾಪುರದ ಒಂದು ಟಾವೆಲ್ ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥನಾಗಿದ್ದೆ. ಮಗ್ಗದಲ್ಲಿ ಯಾವ ಎಳೆ ಯಾವಾಗ ಮೇಲೇಳಬೇಕೆಂದು ಹೇಳುವುದಕ್ಕೆ ನಾನೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದ್ದೆ. ಅದರಲ್ಲಿದ್ದದ್ದು ಇಪ್ಪತ್ತಾರು ಸೂಚನೆಗಳು. ಡಿಸೈನ್ ಮಾಡುವವರು ಹೂವು, ಅಂಚು, ಹೆಸರು ಎಲ್ಲವನ್ನೂ ಅವುಗಳಲ್ಲೇ ಬರೆಯಬೇಕಿತ್ತು.

ಅವರಲ್ಲಿ ಸುಜಾತಾ ಅಕ್ಕಲಕೋಟದಿಂದ ದಿನಾ ಎಸ್.ಟಿ. ಬಸ್ಸಿನಲ್ಲಿ ಬರುತ್ತಿದ್ದರು. ಅಂಚಿನ ಹೂವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವ ಸೂಚನೆಯೊಂದು ಬೇಕೆಂದು ಎರಡು ಸಲ ಕೇಳಿದರು. ಭಾಷೆ ಚಿಕ್ಕದಾಗಿದ್ದರೇ ಚೆಂದ ಎಂದು ಎರಡು ಸಲವೂ ಕಳಿಸಿಬಿಟ್ಟೆ. ಕೊನೆಗೆ ಅವರು ಇದ್ದ ಸೂಚನೆಗಳನ್ನೇ ಜೋಡಿಸಿ ಒಂದನ್ನು ಬರೆದುಕೊಂಡು, ಮರಾಠಿಯಲ್ಲಿ ‘ಫಿರವ’, ಅಂದರೆ ತಿರುಗಿಸು, ಎಂದು ಹೆಸರಿಟ್ಟರು. ಡಿಸೈನ್ ಕೋಣೆಯಲ್ಲಿ ಆ ಪದ ಎಲ್ಲರ ಬಾಯಲ್ಲೂ ಬಂತು.

ಮುಂದೆ ಯಂತ್ರಗಳ ಪ್ರದರ್ಶನವೊಂದು ಬಂತು. ಗಿರಾಕಿಗಳಿಗೆ ತೋರಿಸಲು ಹೊಸದೇನಾದರೂ ಬೇಕೆಂದು ಮಾಲಕರು ಹೇಳಿದ್ದೇ ತಡ, ಎರಡೇ ದಿನದಲ್ಲಿ ‘ಫಿರವ’ ಎಂಬ ಅದೇ ಹೆಸರಿನಲ್ಲಿ ನನ್ನದೇ ಒಂದು ಸೂಚನೆ ಬರೆದು ಭಾಷೆಗೆ ಸೇರಿಸಿದೆ. ಯಾರನ್ನೂ ಕೇಳಲಿಲ್ಲ, ಹಳೆಯ ಪ್ರೋಗ್ರಾಂಗಳನ್ನು ಓಡಿಸಿ ನೋಡಲಿಲ್ಲ. ಒಂದೇ ಹೆಸರಿನವು ಎರಡಿದ್ದರೆ ಭಾಷೆ ತನ್ನದನ್ನೇ ಆರಿಸಿಕೊಳ್ಳುತ್ತಿತ್ತು. ಸುಜಾತಾ ಅವರದು ಹೂವನ್ನಷ್ಟೇ ತಿರುಗಿಸಿ ಅಕ್ಷರಗಳನ್ನು ಹಾಗೇ ಬಿಡುತ್ತಿತ್ತು. ನನ್ನದು ಎಲ್ಲವನ್ನೂ ತಿರುಗಿಸಿತು. ದುಧನಿಯ ಒಂದು ಮದುವೆಗೆ ನೇಯ್ದ ನಾನೂರು ಟಾವೆಲ್‌ಗಳಲ್ಲಿ ವಧುವರರ ಹೆಸರು ಉಲ್ಟಾ ಬಂತು. ಮತ್ತೆ ನೇಯಲು ದಿನವಿರಲಿಲ್ಲ. ಮದುವೆಯವರು ಗೋದಾಮಿನಲ್ಲಿದ್ದ ಹೆಸರಿಲ್ಲದ ಟಾವೆಲ್‌ಗಳನ್ನೇ ಒಯ್ದರು.

ಮಾಲಕರು ಕರೆಸುವ ಮೊದಲೇ ನಾನು ಪ್ರೋಗ್ರಾಂ ತೆರೆದು ಕಾರಣ ಕಂಡುಕೊಂಡಿದ್ದೆ. ಡಿಸೈನ್ ಯಾರದೆಂದು ಅವರು ಕೇಳಿದರು.

“ಸುಜಾತಾ ಅವರದು,” ಎಂದೆ.

ಅದು ಸುಳ್ಳಾಗಿರಲಿಲ್ಲ. ಅಷ್ಟು ಹೇಳಿ ಸುಮ್ಮನಾದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಸುಜಾತಾ ಎದುರಿಗೇ ನಿಂತು ನನ್ನನ್ನೇ ನೋಡುತ್ತಿದ್ದರು. ನಾಳೆಯಿಂದ ಬರುವುದು ಬೇಡವೆಂದು ಮಾಲಕರು ಅವರಿಗೆ ಹೇಳಿದರು.

ಎಂಟು ದಿನ ಹೇಗೋ ಕಳೆದು, ತಡೆಯಲಾಗದೆ ಅಕ್ಕಲಕೋಟಕ್ಕೆ ಹೋದೆ. ಸುಜಾತಾ ಚಹಾ ಕೊಟ್ಟರು. ನಾನು ತಡವರಿಸುತ್ತ ಎಲ್ಲ ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡರು.

“ಸರ್, ನಿಮ್ಮ ಫಿರವ ನಂದನ್ನ ನುಂಗೇತಿ ಅಂತ ನನಗ ಅವತ್ತ ಗೊತ್ತಾಗಿತ್ರಿ. ನೀವ ಹೇಳ್ತೀರಿ ಅಂತ ಸುಮ್ನ ನಿಂತಿದ್ದೆ.”

ಮಾಲಕರಿಗೆ ನಾಳೆಯೇ ಹೇಳುತ್ತೇನೆಂದೆ.

“ಹೇಳ್ರಿ. ಆದ್ರ ನಾ ಮತ್ತ ಅಲ್ಲಿ ಬರಂಗಿಲ್ಲ.”

ಮರುದಿನ ಎಲ್ಲರೆದುರು ಹೇಳಿದೆ. ಮಾಲಕರು ಸುಜಾತಾ ಅವರನ್ನು ಕರೆತರಲು ಜನ ಕಳಿಸಿದರು, ಅವರು ಬರಲಿಲ್ಲ. ನನ್ನ ಕೆಲಸ ಮಾತ್ರ ಉಳಿಯಿತು.

ನನ್ನ ಸೂಚನೆಯನ್ನು ಭಾಷೆಯಿಂದ ತೆಗೆದುಹಾಕಿದೆ. ಹೊಸದನ್ನು ಸೇರಿಸುವ ಮುಂಚೆ ಹಳೆಯ ಪ್ರೋಗ್ರಾಂಗಳನ್ನೆಲ್ಲ ಓಡಿಸಿ ನೋಡುವುದು ಅಂದಿನಿಂದ ರೂಢಿಯಾಯಿತು. ಅದನ್ನು ಯಾರಾದರೂ ಕಲಿಯಬಹುದು. ನಾನು ತಡವಾಗಿ ಕಲಿತದ್ದು ಇನ್ನೊಂದಿದೆ: ಬಳಸುವವರು ತಮಗೆ ಬೇಕಾದದ್ದನ್ನು ತಾವೇ ಬರೆದುಕೊಂಡರೆಂದರೆ, ಅದನ್ನು ಭಾಷೆಗೆ ಸೇರಿಸುವ ಕಾಲ ಬಂದಿದೆ ಎಂದೇ ಅರ್ಥ. ಆಗ ಅವರ ಪಕ್ಕ ಕೂತು, ಇದು ಯಾಕೆ ಬೇಕಾಯಿತು ಎಂದು ಕೇಳಬೇಕು. ಸುಜಾತಾ ನನ್ನ ಜೊತೆ ನಾಲ್ಕು ವರ್ಷ ಕೆಲಸ ಮಾಡಿದರು. ನಾನು ಒಮ್ಮೆಯೂ ಕೇಳಿರಲಿಲ್ಲ.